ಎರಡು ಸಲ ಬರೆದ ಸಾಲು

ಕನ್ನಡ ಎಂ.ಎ. ಮಾಡಿ ಕಂಪ್ಯೂಟರ್ ರೂಮಿನ ಕೆಲಸಕ್ಕೆ ಸೇರಿದವಳು ನಾನು. ಇದನ್ನು ಕೇಳಿದರೆ ಈಗಿನವರಿಗೆ ಏನೂ ಅನ್ನಿಸುವುದಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ರಾಜಾಜಿನಗರದ ನಮ್ಮ ಬೀದಿಯವರು ಮಾತ್ರ ನಕ್ಕು ನಕ್ಕು ಸುಸ್ತಾಗಿದ್ದರು. ಆ ಕೆಲಸದ ಮೊದಲ ವರ್ಷದಲ್ಲೇ ನನ್ನ ವಿದ್ಯೆಯ ಜಂಬದಿಂದ ಒಬ್ಬ ಹೆಂಗಸು ಕೆಲಸ ಕಳೆದುಕೊಳ್ಳುವುದರಲ್ಲಿದ್ದಳು. ಅವಳಿಗೆ ಒಂದೂವರೆ ವರ್ಷದ ಮಗು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಆ ವಾರದ ನೆನಪಿನಲ್ಲಿ ನಗುವೇ ಹೆಚ್ಚು, ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಸ್ವಿಚ್ಚು, ಹೋಲ್ಡರ್ ತಯಾರಿಸುವ ಫ್ಯಾಕ್ಟರಿ. ಇನ್ನೂರು ಜನ ಕೆಲಸಗಾರರು. ನನಗೆ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾಗಿದ್ದರಿಂದ ಆ ಕೆಲಸ ಸಿಕ್ಕಿತು, ಎಂ.ಎ. ಯಾರಿಗೂ ಬೇಕಿರಲಿಲ್ಲ. ಇಡೀ ಫ್ಯಾಕ್ಟರಿಯಲ್ಲಿ ಏರ್ ಕಂಡೀಷನ್ ಇದ್ದದ್ದು ಕಂಪ್ಯೂಟರ್ ರೂಮಿಗೆ ಮಾತ್ರ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಯ ದಿನ ಪರದೆಯ ಮೇಲೆ ಇಟ್ಟ ಕುಂಕುಮವನ್ನು ಒರೆಸಲು ಯಾರಿಗೂ ಧೈರ್ಯ ಬಾರದೆ, ಸಂಕ್ರಾಂತಿಯವರೆಗೂ ಅದರ ಕೆಂಪು ಮೂಲೆಯಲ್ಲಿ ಹಾಗೇ ಇತ್ತು. ರೂಮಿನ ಇನ್ಚಾರ್ಜ್ ಒಬ್ಬ ಎಂಜಿನಿಯರ್, ನನಗಿಂತ ಎರಡೇ ವರ್ಷ ದೊಡ್ಡವರು. ನನ್ನನ್ನು ಬೇಕೆಂದೇ ‘ಪಂಡಿತರೇ’ ಎಂದು ಕರೆಯುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೂ ಆ ಹೆಸರು ಒಳಗೊಳಗೇ ಇಷ್ಟವಾಗುತ್ತಿತ್ತು.

ಆ ವರ್ಷ ಹೊಸ ಮೆಷಿನ್ ಬಂತು. ಹಳೆಯದರಲ್ಲಿದ್ದ ಪ್ರೋಗ್ರಾಮುಗಳನ್ನೆಲ್ಲ ಹೊಸದಕ್ಕೆ ಟೈಪ್ ಮಾಡಿ ಸೇರಿಸಬೇಕು. ಎಂಜಿನಿಯರ್ ಒಂದು ದೊಡ್ಡ ಪ್ರಿಂಟೌಟ್ ತಂದು ನನ್ನ ಮೇಜಿನ ಮೇಲೆ ಹಾಕಿದರು. ಹಸಿರು ಪಟ್ಟೆಯ ಕಾಗದ, ಮಡಿಕೆ ಬಿಚ್ಚಿದರೆ ಬಾಗಿಲವರೆಗೂ ಹೋಗುತ್ತಿತ್ತು.

“ಇದು ಶಿಫ್ಟ್ ಲಿಸ್ಟಿನ ಪ್ರೋಗ್ರಾಮು. ನಮ್ಮ ಹಳೇ ಟೈಮ್ ಕೀಪರ್ ಒಬ್ರಿದ್ರು, ಅವರೇ ಬೇಸಿಕ್ ಕಲ್ತು ಬರೆದಿದ್ದು. ಬರೀ ಕಸ ಇದೆ ಇದ್ರಲ್ಲಿ. ಟೈಪ್ ಮಾಡ್ತಾ ಮಾಡ್ತಾ ಕ್ಲೀನ್ ಮಾಡ್ಬಿಡಿ ಪಂಡಿತರೇ” ಎಂದರು.

ಪ್ರತಿ ಶನಿವಾರ ಈ ಪ್ರೋಗ್ರಾಮು ಮುಂದಿನ ವಾರದ ಪಾಳಿಪಟ್ಟಿಯನ್ನು ಅಚ್ಚು ಮಾಡುತ್ತಿತ್ತು. ಯಾರು ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ, ಯಾರು ಎರಡರಿಂದ ಹತ್ತರವರೆಗೆ ಎಂಬ ಪಟ್ಟಿ. ಗಂಡಸರಿಗೆ ವಾರಕ್ಕೊಮ್ಮೆ ಪಾಳಿ ಬದಲು. ಹೆಂಗಸರಿಗೆ ಯಾವಾಗಲೂ ಬೆಳಗಿನದು. ಕೆಲಸಗಾರರು ಪಟ್ಟಿಯಲ್ಲಿ ಹೆಸರು ಹುಡುಕುತ್ತಿರಲಿಲ್ಲ, ತಮ್ಮ ಟೋಕನ್ ನಂಬರ್ ಹುಡುಕುತ್ತಿದ್ದರು.

ನನಗೆ ಬೇಸಿಕ್ ಎಂಬ ಆ ಕಂಪ್ಯೂಟರ್ ಭಾಷೆ ಅಷ್ಟಕ್ಕಷ್ಟೇ ಗೊತ್ತಿತ್ತು. ಹಳಗನ್ನಡ ಮಾತ್ರ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನನಗೆ ಕಲಿಸಿದ್ದ ರೀತಿಯಲ್ಲೇ ಆ ಪ್ರೋಗ್ರಾಮನ್ನು ಓದತೊಡಗಿದೆ. ಕಷ್ಟದ ಪದ್ಯ ಎದುರಾದರೆ ಮೊದಲು ಕ್ರಿಯಾಪದ ಹುಡುಕಬೇಕು, ಆಮೇಲೆ ಅದನ್ನು ಮಾಡುವವರು ಯಾರು, ಯಾವುದನ್ನು ಮಾಡುತ್ತಾರೆ ಎಂದು ಕೇಳಿಕೊಳ್ಳುತ್ತಾ ಪದಗಳನ್ನು ನಡೆಯುವ ಕ್ರಮಕ್ಕೆ ತಂದುಕೊಳ್ಳಬೇಕು. ಅದಕ್ಕೆ ಅನ್ವಯ ಎನ್ನುತ್ತೇವೆ. ಪ್ರೋಗ್ರಾಮಿಗೂ ಹಾಗೇ ಮಾಡಿದೆ. ಪ್ರತಿ ಸಾಲಿಗೂ ಒಂದು ಸಂಖ್ಯೆ ಇರುತ್ತಿತ್ತು. ‘ಗೋಸಬ್ 500’ ಎಂದು ಬಂದರೆ, ಐನೂರನೆಯ ಸಾಲಿಗೆ ಹೋಗಿ ಅಲ್ಲಿ ಹೇಳಿದ ಕೆಲಸ ಮುಗಿಸಿ ಹೊರಟಲ್ಲಿಗೇ ವಾಪಸು ಬಾ ಎಂದರ್ಥ. ನಾನು ಪೆನ್ಸಿಲ್ ಹಿಡಿದು ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆಯುತ್ತಾ ಹೋದೆ. ಎರಡು ದಿನ ಕಳೆಯುವಷ್ಟರಲ್ಲಿ ಹುಚ್ಚು ಹಿಡಿದ ಹಾಗಾಗಿತ್ತು. ಊಟದ ಡಬ್ಬಿ ತೆರೆಯುವುದನ್ನೂ ಮರೆಯುತ್ತಿದ್ದೆ. ಬರೆದವರು ಎಲ್ಲಿ ಆತುರಪಟ್ಟರು, ಎಲ್ಲಿ ನಿಧಾನಿಸಿದರು, ಯಾವ ಸಾಲು ಆಮೇಲೆ ನೆನಪಾಗಿ ತುರುಕಿದ್ದು, ಎಲ್ಲವೂ ಕಾಣತೊಡಗಿತು. ಕಂಡೇ ಇಲ್ಲದ ಒಬ್ಬ ಮನುಷ್ಯನ ಜೊತೆ ಕೂತು ಹರಟುತ್ತಿರುವ ಹಾಗೆ ಸಂತೋಷವಾಗುತ್ತಿತ್ತು.

ಹೀಗೆ ಓದುತ್ತಾ ಏಳುನೂರನೆಯ ಸಾಲಿಗೆ ಬಂದೆ. ಐನೂರನೆಯ ಸಾಲಿನಲ್ಲಿದ್ದದ್ದು ಪಾಳಿ ಬದಲಿಸುವ ಕೆಲಸ: ಬೆಳಗಿನದಿದ್ದರೆ ಮಧ್ಯಾಹ್ನದ್ದು ಮಾಡು, ಮಧ್ಯಾಹ್ನದ್ದಿದ್ದರೆ ಬೆಳಗಿನದು ಮಾಡು. ಎಲ್ಲ ಗಂಡಸರೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಿದ್ದರು. ಟೋಕನ್ 112 ಒಬ್ಬ ಮಾತ್ರ ಬೇರೆ ದಾರಿ ಹಿಡಿದು ಏಳುನೂರಕ್ಕೆ ಬರುತ್ತಿದ್ದ. ಅಲ್ಲಿ ಹೀಗೆ ಬರೆದಿತ್ತು:

700 ಗೋಸಬ್ 500
710 ಗೋಸಬ್ 500

ಅದೇ ಸಾಲು, ಎರಡು ಸಲ. ನಾನು ಕುರ್ಚಿಯಿಂದ ಎದ್ದೇ ನಿಂತೆ! ಎಂ.ಎ.ಯಲ್ಲಿ ನನ್ನ ವಿಶೇಷ ವಿಷಯ ಗ್ರಂಥಸಂಪಾದನೆ. ಓಲೆಗರಿ ನಕಲು ಮಾಡುವ ಲಿಪಿಕಾರ ದಣಿದಾಗ ಏನೇನು ತಪ್ಪು ಮಾಡುತ್ತಾನೆ ಎಂದು ಒಂದು ಇಡೀ ವರ್ಷ ಓದಿದ್ದೆ. ಕಣ್ಣು ತಪ್ಪಿ ಬರೆದ ಸಾಲನ್ನೇ ಮತ್ತೆ ಬರೆಯುವುದು ಆ ಪಟ್ಟಿಯಲ್ಲಿ ಮೊದಲನೆಯದು. ಅಂಥದ್ದನ್ನು ಕಂಡರೆ ಎರಡನೆಯದನ್ನು ಬಿಡಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದವಳು. ಓದಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು ಉಬ್ಬಿಹೋದೆ.

“ಸಾರ್, ಇಲ್ಲಿ ಒಂದೇ ಸಾಲು ಎರಡು ಸಲ ಬಂದಿದೆ. ಕೈತಪ್ಪು. ಒಂದು ತೆಗೀಲಾ?” ಎಂದು ಕೇಳಿದೆ.

ಎಂಜಿನಿಯರ್ ಫೋನಿನಲ್ಲಿದ್ದರು. ಕಣ್ಣೆತ್ತಿಯೂ ನೋಡದೆ, “ತೆಗೀರಿ, ತೆಗೀರಿ” ಎಂದು ಕೈಯಾಡಿಸಿದರು.

ತೆಗೆದೆ. ಅಂಚಿನಲ್ಲಿ ‘ಲಿಪಿಕಾರನ ದೋಷ, ತಿದ್ದಿದೆ’ ಎಂದು ಬೇರೆ ಬರೆದೆ. ಶನಿವಾರ ಮಧ್ಯಾಹ್ನ ಹೊಸ ಮೆಷಿನ್ನಿನ ಮೊದಲ ಪಟ್ಟಿ ಬೋರ್ಡಿಗೆ ಏರಿತು. ಅಮ್ಮನಿಗೆ ಹೇಳಿ ಆ ಸಂಜೆ ಕ್ಯಾರೆಟ್ ಹಲ್ವಾ ಮಾಡಿಸಿಕೊಂಡು ತಿಂದೆ.

ಸೋಮವಾರ ಒಂಬತ್ತಕ್ಕೆ ಗೇಟಿಗೆ ಬಂದಾಗ ವಾಚ್‌ಮನ್ ಸ್ಟೂಲಿನ ಪಕ್ಕದಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ನಿಂತಿದ್ದಳು. ಹೆಗಲ ಮೇಲೆ ಟವೆಲ್ ಸುತ್ತಿದ ಮಗು, ನಿದ್ದೆಯಲ್ಲಿತ್ತು.

“ಲಿಸ್ಟ್ ಮಾಡಿದ್ದು ನೀವೇ ಅಲ್ವಾ ಮೇಡಂ?” ವಾಚ್‌ಮನ್ ಕೇಳಿದ. “ಆರು ಗಂಟೆಯಿಂದ ನಿಂತವ್ರೆ ನೋಡಿ ಪಾಪ.”

ವಿಷಯ ಇಷ್ಟೇ ಇತ್ತು. ಟೋಕನ್ 112 ಅವಳ ಗಂಡ. ಇಬ್ಬರದೂ ಇದೇ ಫ್ಯಾಕ್ಟರಿ, ಮನೆ ಸುಂಕದಕಟ್ಟೆಯ ಕಡೆ. ಮಗು ನೋಡಿಕೊಳ್ಳಲು ಮನೆಯಲ್ಲಿ ಮೂರನೆಯವರಿಲ್ಲ. ಅವಳದು ಯಾವಾಗಲೂ ಬೆಳಗಿನ ಪಾಳಿ, ಅವನದು ಯಾವಾಗಲೂ ಮಧ್ಯಾಹ್ನದ್ದು. ಎರಡು ಗಂಟೆಗೆ ಅವನು ಸೈಕಲ್ಲಿನ ಮುಂದುಗಡೆ ಮಗುವನ್ನು ಕೂರಿಸಿಕೊಂಡು ಬರುತ್ತಾನೆ, ಅವಳು ಹೊರಗೆ ಬರುತ್ತಾಳೆ, ಗೇಟಿನಲ್ಲಿ ಮಗು ಕೈ ಬದಲಾಗುತ್ತದೆ. ಒಂದು ವರ್ಷದಿಂದ ಹೀಗೇ ನಡೆದಿತ್ತು. ಈಗ ಹೊಸ ಪಟ್ಟಿಯಲ್ಲಿ ಅವನಿಗೂ ಬೆಳಗಿನ ಪಾಳಿ ಬಂದಿತ್ತು. ಶನಿವಾರ ಅವನು ಅದನ್ನು ನೋಡುವ ಹೊತ್ತಿಗೆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಅವನು ಒಳಗೆ ಹೋಗಿದ್ದ, ಆಫೀಸಿನವರು ಬಂದರೆ ಹೇಳೋಣವೆಂದು ಅವಳು ಮಗು ಹೊತ್ತು ಹೊರಗೆ ಕಾದಿದ್ದಳು.

ಆಗ ಹೊಳೆಯಿತು. ಮಧ್ಯಾಹ್ನದ ಪಾಳಿಯನ್ನು ಒಂದು ಸಲ ಬದಲಿಸಿದರೆ ಬೆಳಗಿನದಾಗುತ್ತದೆ. ಎರಡು ಸಲ ಬದಲಿಸಿದರೆ ಮೊದಲಿದ್ದದ್ದೇ ಉಳಿಯುತ್ತದೆ. ಅದು ಕೈತಪ್ಪಲ್ಲ, ಕೈಯಾರೆ ಬರೆದದ್ದು. ನಾನು ದೋಷ ಎಂದು ತೆಗೆದದ್ದು ಈ ಮಗುವನ್ನು ನೋಡಿಕೊಳ್ಳುತ್ತಿದ್ದ ಸಾಲನ್ನು. ನನಗೆ ಅಳುವೇ ಬಂತು. ಅವಳೇ ನನ್ನನ್ನು ಸಮಾಧಾನ ಮಾಡಬೇಕಾಯಿತು.

“ಇರ್ಲಿ ಬಿಡಿ ಮೇಡಂ, ಮಿಷಿನ್ ತಪ್ಪಿಗೆ ನೀವೇನ್ ಮಾಡ್ತೀರ” ಎಂದಳು.

ತಪ್ಪು ಮೆಷಿನ್ನಿನದಲ್ಲ, ನನ್ನದಾಗಿತ್ತು. ನೆಟ್ಟಗೆ ಮ್ಯಾನೇಜರ್ ರೂಮಿಗೆ ಹೋದೆ. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಎಲ್ಲಕ್ಕೂ ಕಾಗದ ಕೇಳುವವರು. ಎಲ್ಲ ಕೇಳಿ, ಆ ವಾರದ ಮಟ್ಟಿಗೆ ಇನ್ನೊಬ್ಬನ ಜೊತೆ ಪಾಳಿ ಅದಲುಬದಲು ಮಾಡಿಕೊಳ್ಳಲು ಒಪ್ಪಿದರು.

“ಈ ವಾರ ಮಾತ್ರ” ಎಂದರು. “ನೋಡಿ, ಒಬ್ಬನಿಗೆ ಸ್ಪೆಷಲ್ ಸಾಲು ಬರೆಯೋಕೆ ಯಾರು ಪರ್ಮಿಷನ್ ಕೊಟ್ಟಿದ್ರು? ಫೈಲಲ್ಲಿ ಏನೂ ಇಲ್ಲ. ಕಾರಣ ಇಲ್ಲದ ಸಾಲು ನನ್ನ ಪ್ರೋಗ್ರಾಮಲ್ಲಿ ಇರ್ಬಾರದು. ಶನಿವಾರ ಸೂಪರ್‌ವೈಸರ್ ಮೀಟಿಂಗ್ ಇದೆ. ಅಷ್ಟರಲ್ಲಿ ಅದು ಯಾಕಿದೆ ಅಂತ ತೋರಿಸಿ. ಇಲ್ಲದಿದ್ರೆ ಮುಂದಿನ ಲಿಸ್ಟಿಂದ ಎಲ್ಲರಿಗೂ ಒಂದೇ ರೂಲ್.”

“ಹಾಗಾದ್ರೆ ಆಕೆ ಕೆಲಸ ಬಿಡಬೇಕಾಗತ್ತೆ ಸಾರ್.”

“ಅದು ನನಗೂ ಗೊತ್ತು” ಎಂದರು. ಅವರಿಗೂ ಅದು ಇಷ್ಟವಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ, ಪ್ರಿಂಟೌಟ್ ಕಂಕುಳಲ್ಲಿಟ್ಟುಕೊಂಡು ಬಸವೇಶ್ವರನಗರಕ್ಕೆ ಹೋದೆ. ಪ್ರೋಗ್ರಾಮು ಬರೆದ ಟೈಮ್ ಕೀಪರ್ ನಿವೃತ್ತರಾಗಿ ಅಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಸಂಪಾದಕಿಗೆ ಕವಿಯೇ ಬದುಕಿ ಸಿಗುವುದು ಎಂಥ ಭಾಗ್ಯ! ನಮ್ಮ ಶಾಸ್ತ್ರದಲ್ಲಿ ಅದು ಯಾರಿಗೂ ದಕ್ಕಿದ್ದಲ್ಲ. ಬಾಗಿಲು ತೆಗೆದವರು ಬನಿಯನ್ನಿನಲ್ಲಿದ್ದ ಕುಳ್ಳನೆಯ ಮನುಷ್ಯ. ಕೈಯಲ್ಲಿ ಗುಲಾಬಿ ಗಿಡ ಕತ್ತರಿಸುವ ಕತ್ತರಿ.

ಪ್ರಿಂಟೌಟ್ ಕಂಡದ್ದೇ ಕತ್ತರಿ ಬಿಸಾಡಿ ನಡುಮನೆಯ ನೆಲದ ಮೇಲೆ ಅದನ್ನು ಉದ್ದಕ್ಕೂ ಹರಡಿದರು. ಅಂಚಿನಲ್ಲಿದ್ದ ನನ್ನ ಕನ್ನಡ ಟಿಪ್ಪಣಿಗಳನ್ನು ಮಂಡಿಯೂರಿಕೊಂಡು ಒಂದೊಂದಾಗಿ ಓದಿದರು. ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು.

ಮುನ್ನೂರ ನಲವತ್ತನೆಯ ಸಾಲಿನಲ್ಲಿ ಬರೀ ನಕ್ಷತ್ರದ ಗುರುತುಗಳಿದ್ದವು. ಅಲ್ಲಿ ನಾನು, ‘ಮುಂದಿನ ಭಾಗದ ಗಾಂಭೀರ್ಯಕ್ಕೆ ಓದುಗನನ್ನು ಸಿದ್ಧಗೊಳಿಸುವ ಮೌನ’ ಎಂದು ಬರೆದಿದ್ದೆ.

“ಮೌನಾನೂ ಇಲ್ಲ, ಮಣ್ಣೂ ಇಲ್ಲಮ್ಮ! ಅಲ್ಲಿಗೆ ಪೇಪರ್ ಮಡಿಕೆ ಬರ್ತಿತ್ತು. ಅಕ್ಷರ ಹರೀಬಾರ್ದು ಅಂತ ನಕ್ಷತ್ರ ಹಾಕಿದ್ದು.”

ಇನ್ನೊಂದು ಕಡೆ ಪ್ರೋಗ್ರಾಮು ಕಾರಣವಿಲ್ಲದೆ ಹಿಂದಕ್ಕೆ ಹಾರಿ ಮತ್ತೆ ಮುಂದಕ್ಕೆ ಬರುತ್ತಿತ್ತು. ‘ಕರ್ತೃವಿನ ಮನಸ್ಸಿನ ತೊಳಲಾಟ’ ಎಂದು ನನ್ನ ಟಿಪ್ಪಣಿ.

“ಮಧ್ಯದಲ್ಲಿ ಎರಡು ಸಾಲು ಮರ್ತಿದ್ದೆ. ಜಾಗ ಇರ್ಲಿಲ್ಲ, ಕೊನೇಲಿ ಬರ್ದು ಅಲ್ಲಿಗೆ ಓಡಿಸ್ದೆ” ಎಂದು, ಒಳಗಿದ್ದ ಹೆಂಡತಿಯನ್ನು ಕೂಗಿದರು. “ಬಾರೇ ಇಲ್ಲಿ, ನನ್ನ ಮನಸ್ಸಲ್ಲಿ ತೊಳಲಾಟ ಇದ್ಯಂತೆ, ನೋಡು ಬಾ!”

ಆಕೆ ನಿಪ್ಪಟ್ಟಿನ ತಟ್ಟೆ ಹಿಡಿದು ಬಂದು, “ಇವ್ರಿಗಾ? ತೊಳಲಾಟ ಎಲ್ಲ ನಂದು” ಎಂದರು. ಮೂವರೂ ನಕ್ಕೆವು. ನನ್ನ ವಿದ್ವತ್ತು ಹೀಗೆ ಒಂದೊಂದೇ ಸಾಲಿಗೆ ಮಣ್ಣುಪಾಲಾಗುತ್ತಿದ್ದರೂ ನನಗೆ ಬೇಜಾರೇ ಆಗಲಿಲ್ಲ. ಹತ್ತಕ್ಕೆ ಆರು ಕಡೆ ತಪ್ಪಿದ್ದೆ, ನಾಲ್ಕು ಕಡೆ ಸರಿಯಿದ್ದೆ. ಆ ನಾಲ್ಕನ್ನು ಓದಿದಾಗ ಅವರು ನಗು ನಿಲ್ಲಿಸಿ, “ಇದು ನಿನಗೆ ಹೇಗಮ್ಮ ಗೊತ್ತಾಯ್ತು?” ಎಂದು ಕೇಳಿದ್ದರು.

ಏಳುನೂರನೆಯ ಸಾಲಿಗೆ ಬಂದಾಗ ನನ್ನ ‘ಲಿಪಿಕಾರನ ದೋಷ’ವನ್ನು ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅವರು ಆ ಎರಡು ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು.

“ಆ ಹುಡುಗ ಒಂದು ವಾರ ದಿನಾ ಲೇಟಾಗಿ ಬಂದ” ಎಂದರು ಆಮೇಲೆ. “ಕರೆದು ಕೇಳಿದ್ರೆ ಅತ್ತುಬಿಟ್ಟ. ಪಕ್ಕದ ಮನೆಯವರು ಏಳೋವರೆಗೂ ಕಾದು, ಮಗು ಕೊಟ್ಟು ಬರ್ತಿದ್ನಂತೆ. ಆಗಿನ ಮ್ಯಾನೇಜರಿಗೆ ಹೇಳ್ದೆ. ‘ಏನಾದ್ರೂ ಮಾಡ್ರೀ’ ಅಂದ್ರು, ಅಷ್ಟೇ. ಕಾಗದ ಗೀಗದ ಏನೂ ಇಲ್ಲ. ‘ಇವನನ್ನ ಮುಟ್ಬೇಡ’ ಅಂತ ಮಿಷಿನ್ಗೆ ಹೇಳೋದು ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ಬದಲಾಯ್ಸು ಅನ್ನೋದೊಂದು ಗೊತ್ತಿತ್ತು. ಅದನ್ನೇ ಎರಡು ಸಲ ಹೇಳ್ದೆ.”

ಹಾಗಾದರೆ ಅಲ್ಲಿ ಒಂದು ರೆಮ್ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ‘ರೆಮ್’ ಎಂದು ಶುರುವಾಗುವ ಸಾಲನ್ನು ಮೆಷಿನ್ ಓದುವುದಿಲ್ಲ, ದಾಟಿ ಹೋಗುತ್ತದೆ. ಅದು ಮುಂದೆ ಓದುವ ಮನುಷ್ಯರಿಗಾಗಿ ಬರೆಯುವ ಮಾತು.

“ಓದೋರು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?” ಎಂದರು.

ಆ ಒಂದು ಮಾತಿನಿಂದ ನನಗೆ ದಾರಿ ಸಿಕ್ಕಿತು. ಬುಧವಾರದಿಂದ ಶುಕ್ರವಾರದವರೆಗೆ ಕೂತು ಆ ಪ್ರೋಗ್ರಾಮಿಗೆ ಪೂರ್ತಿ ವ್ಯಾಖ್ಯಾನ ಬರೆದೆ. ಟೈಮ್ ಕೀಪರ್ ದಿನಕ್ಕೆರಡು ಸಲ ಫೋನ್ ಮಾಡಿ, ನೆನಪಾದದ್ದನ್ನು ಹೇಳುತ್ತಿದ್ದರು. ಎಂಜಿನಿಯರ್ ಮೊದಲು ಗೊಣಗಿದರು, ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ತಾವೂ ಕಣ್ಣೆತ್ತದೆ ‘ತೆಗೀರಿ’ ಎಂದದ್ದು ಅವರಿಗೂ ಚುಚ್ಚುತ್ತಿತ್ತು.

ಶನಿವಾರ ಮೀಟಿಂಗಿನಲ್ಲಿ ಮ್ಯಾನೇಜರ್, ಎಂಟು ಜನ ಸೂಪರ್‌ವೈಸರುಗಳು, ನಾವಿಬ್ಬರು. ಎಂ.ಎ. ಓದುವಾಗ ಕಾವ್ಯವಾಚನ ಮಾಡುತ್ತಿದ್ದ ಕ್ರಮವೇ ನನಗೆ ಗೊತ್ತಿದ್ದದ್ದು: ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಎಂಜಿನಿಯರ್ ಸಾಲು ಓದಿದರು, ನಾನು ಕನ್ನಡದಲ್ಲಿ ವ್ಯಾಖ್ಯಾನ ಮಾಡಿದೆ. ಮೊದಲ ಐದು ನಿಮಿಷ ಎಲ್ಲರೂ ಗಡಿಯಾರ ನೋಡಿಕೊಂಡರು. ಆಮೇಲೆ ಆರುನೂರ ನಲವತ್ತನೆಯ ಸಾಲು ಬಂತು. ಟೋಕನ್ 64, ಟೋಕನ್ 71 ಇಬ್ಬರೂ ಎಂದೂ ಒಂದೇ ಪಾಳಿಯಲ್ಲಿ ಬಾರದ ಹಾಗೆ ಅದು ನೋಡಿಕೊಳ್ಳುತ್ತಿತ್ತು.

“ಅರವತ್ನಾಲ್ಕು ನಾನೇ!” ಮೋಲ್ಡಿಂಗ್ ಸೂಪರ್‌ವೈಸರ್ ಎದ್ದು ನಿಂತರು. ಅವರು ಇನ್ನೂ ಮೋಲ್ಡಿಂಗ್ ಮೆಷಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದ ಟೋಕನ್ ಅದು.

“ಹೂಂ ಸಾರ್. ಯೂನಿಯನ್ ಎಲೆಕ್ಷನ್ನಲ್ಲಿ ನೀವಿಬ್ರೂ ಕೈ ಕೈ ಮಿಲಾಯಿಸಿದ್ರಂತೆ.”

ಎಲ್ಲರೂ ಘೊಳ್ಳೆಂದು ನಕ್ಕರು. ಸೂಪರ್‌ವೈಸರ್ ಕಿವಿ ಕೆರೆದುಕೊಂಡು, “ಈಗ ನಾವಿಬ್ರೂ ಬೀಗರು ಸಾರ್. ಆ ಸಾಲು ತೆಗೆದುಹಾಕಿ” ಎಂದು ಮ್ಯಾನೇಜರಿಗೆ ಹೇಳಿದರು. ಅಲ್ಲಿಂದ ಮುಂದೆ ಯಾರೂ ಗಡಿಯಾರ ನೋಡಲಿಲ್ಲ. “ಮುಂದೆ ಓದಿ, ಮುಂದೆ ಓದಿ” ಎಂದು ಅವರೇ ಅವಸರಪಡಿಸಿದರು. ಏಳುನೂರು, ಏಳುನೂರ ಹತ್ತು ಬಂದಾಗ ನಾನು ಹೆಚ್ಚೇನೂ ಹೇಳಲಿಲ್ಲ. ಪಕ್ಕದ ಮನೆಯವರು ಏಳುವವರೆಗೂ ಕಾಯುತ್ತಿದ್ದ ಅಪ್ಪನ ವಿಷಯ ಹೇಳಿದೆ, ಸೋಮವಾರ ಆರರಿಂದ ಒಂಬತ್ತರವರೆಗೆ ಗೇಟಿನಲ್ಲಿ ನಿಂತ ತಾಯಿಯ ವಿಷಯ ಹೇಳಿದೆ, ಆ ಸಾಲನ್ನು ಅಳಿಸಿದವಳು ನಾನೇ ಎಂದೂ ಹೇಳಿದೆ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. “ಕಾರಣ ಇರೋ ಸಾಲು ಇರಲಿ” ಎಂದರು. “ಆದರೆ ಕಾರಣ ಪಕ್ಕದಲ್ಲೇ ಬರೆದಿರಬೇಕು. ಕಾರಣ ಮುಗಿದ ದಿನ ಸಾಲೂ ಹೋಗಬೇಕು. ನನಗೆ ಕೊಡಿ, ನಾನು ಸೈನ್ ಮಾಡ್ತೀನಿ.” ನನ್ನ ವ್ಯಾಖ್ಯಾನದ ಪ್ರತಿ ಪುಟಕ್ಕೂ ಸಹಿ ಹಾಕಿದರು. ಯಾವ ವಿಶ್ವವಿದ್ಯಾಲಯದ ಪದವಿಯೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ. ಅಳಿಸಿದ್ದ ಸಾಲನ್ನು ಮತ್ತೆ ಸೇರಿಸಿ, ಟೋಕನ್ 112ರ ಪಾಳಿಯನ್ನು ಮಧ್ಯಾಹ್ನದ್ದಕ್ಕೆ ತಿದ್ದಿ, ಅವತ್ತೇ ಹೊಸ ಪಟ್ಟಿ ಅಚ್ಚು ಮಾಡಿದೆ.

ಸೋಮವಾರ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿರುವಾಗ ಪ್ಯಾಕಿಂಗ್‌ನ ಆ ಹೆಂಗಸು ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಇಣುಕಿದಳು. ಸೂಪರ್‌ವೈಸರನ್ನು ಕೇಳಿಕೊಂಡು ಬಂದಿದ್ದಳು.

“ನಾವೆಲ್ಲಿದೀವಿ ತೋರ್ಸಿ ಮೇಡಂ” ಎಂದಳು.

ಪರದೆಯ ಮೇಲೆ ಆ ಎರಡು ಸಾಲು ತಂದು ತೋರಿಸಿದೆ. ಇದು ಬದಲಿಸುತ್ತದೆ, ಇದು ಮತ್ತೆ ಬದಲಿಸುತ್ತದೆ, ಹಾಗಾಗಿ ಅವಳ ಗಂಡನದು ಎಂದೆಂದಿಗೂ ಮಧ್ಯಾಹ್ನ ಎರಡರ ಪಾಳಿ, ಇನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಜಂಬದಿಂದಲೇ ಹೇಳಿದೆ. ಅವಳು ಗಾಜಿಗೆ ಮುಖ ಹತ್ತಿರ ಮಾಡಿ ನೋಡಿದಳು.

“ಒಂದು ತೆಗೆದ್ರೆ?”

“ತೆಗೆಯಲ್ಲಮ್ಮ, ಹೆದರಬೇಡಿ.”

“ಅಲ್ಲ ಮೇಡಂ, ತೆಗೆದ್ರೆ ವಾರ ಬಿಟ್ಟು ವಾರ ಅವ್ರಿಗೂ ಫಸ್ಟ್ ಶಿಫ್ಟ್ ಬರತ್ತಲ್ವಾ?”

ಬರುತ್ತದೆ ಎಂದೆ.

“ಮಗು ಸ್ಕೂಲಿಗೆ ಹೋಗೋ ಹಾಗಾದ್ಮೇಲೆ ತೆಗೆದ್ಬಿಡಿ” ಎಂದಳು. ಹೇಳಿ ನಾಚಿಕೊಂಡು ನಕ್ಕಳು. “ಈಗ ಭಾನುವಾರ ಬಿಟ್ರೆ ನಾನೂ ಅವ್ರೂ ಮಾತಾಡೋದು ಗೇಟ್ ಹತ್ರ ಐದು ನಿಮಿಷ. ಅದ್ರಲ್ಲೂ ಮಗು ಹಾಲು ಕುಡೀತಾ, ಜ್ವರ ಇದ್ಯಾ, ಅಷ್ಟೇ ಆಗತ್ತೆ. ಒಟ್ಟಿಗೆ ಬಸ್ಸಲ್ಲಿ ಮನೆಗೆ ಹೋಗ್ಬೇಕು ಅಂತ ಆಸೆ ಮೇಡಂ.”

ಆ ಎರಡು ಸಾಲನ್ನು ಒಂದು ವಾರ ಅರೆದು ಕುಡಿದಿದ್ದೆ, ಅವುಗಳ ಮೇಲೆ ಎರಡು ಪುಟ ಬರೆದಿದ್ದೆ, ಜನರೆದುರು ನಿಂತು ವ್ಯಾಖ್ಯಾನ ಮಾಡಿದ್ದೆ. ಅದೇ ಸಾಲು ಇಬ್ಬರನ್ನು ದಿನವೂ ಗೇಟಿನ ಆಚೆಗೊಬ್ಬರು ಈಚೆಗೊಬ್ಬರು ಮಾಡಿ ಕಳಿಸುತ್ತಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಏಳುನೂರ ಐದನೆಯ ಸಾಲಿನಲ್ಲಿ ಒಂದು ರೆಮ್ ಹಾಕಿದೆ. ಅವಳು ಹೇಳುತ್ತಾ ಹೋದಳು, ನಾನು ಅವಳ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ: ಮಗು ಸ್ಕೂಲಿಗೆ ಸೇರಿದ ಮೇಲೆ ಮುಂದಿನ ಸಾಲು ತೆಗೆಯಬೇಕು, ಇಬ್ಬರೂ ಒಟ್ಟಿಗೆ ಮನೆಗೆ ಹೋಗಬೇಕು. ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ಅವಳು ಬಾಯಿ ತೆರೆದು ನೋಡುತ್ತಿದ್ದಳು. ಅಷ್ಟರಲ್ಲಿ ಎರಡು ಗಂಟೆಯ ಸೈರನ್ ಕೂಗಿತು. “ಅಯ್ಯೋ, ನನ್ನ ಐದು ನಿಮಿಷ!” ಎಂದು ಎದ್ದವಳು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಗೇಟಿನ ಕಡೆ ಓಡಿದಳು.